ಮೇವನ್‌ನ ಬಿಗಿತ ದೋಷವಲ್ಲ

ಜಾವಾ ಬರೆಯುವ ನಾಲ್ಕು ಜನ ಕೂತರೆ ಚಹಾ ಬರುವ ಮೊದಲೇ ಬಿಲ್ಡ್ ಸಾಧನಗಳ ಬಗ್ಗೆ ತೀರ್ಪು ಬಂದುಬಿಡುತ್ತದೆ: ಮೇವನ್ ಹಳತು, ಗ್ರೇಡಲ್ ಹೊಸತು, ಮೇವನ್ ನಿಧಾನ, ಗ್ರೇಡಲ್ ಚುರುಕು, ಅಲ್ಲಿ ಎಕ್ಸ್‌ಎಂಎಲ್ ರಾಶಿ, ಇಲ್ಲಿ ಹತ್ತೇ ಸಾಲು. ಆಮೇಲೆ ಮೇವನ್ ಪರ ಬಾಯಿ ತೆರೆದವನನ್ನು ಕೋಬಾಲ್ ಕಾಲದವನಂತೆ ನೋಡುತ್ತಾರೆ. ಇರಲಿ, ನಾನು ತೆರೆಯುತ್ತೇನೆ.

ಮೊದಲು ವೇಗದ ವಿಚಾರ. ಗ್ರೇಡಲ್ ಚುರುಕು ಎಂಬುದು ಸುಳ್ಳಲ್ಲ. ಒಂದು ಕೆಲಸಕ್ಕೆ ಬೇಕಾದ ಫೈಲುಗಳು ಬದಲಾಗಿಲ್ಲ ಎಂದು ಗೊತ್ತಾದರೆ ಅದು ಆ ಕೆಲಸವನ್ನೇ ಬಿಟ್ಟು ಮುಂದೆ ಹೋಗುತ್ತದೆ. ಒಬ್ಬರ ಯಂತ್ರದಲ್ಲಿ ಆದದ್ದನ್ನು ಕ್ಯಾಶ್ ಮೂಲಕ ಇನ್ನೊಬ್ಬರಿಗೂ ಕೊಡಬಲ್ಲದು. 2020ರಲ್ಲಿ ಸ್ಪ್ರಿಂಗ್ ಬೂಟ್ ತಂಡ ಮೇವನ್ ಬಿಟ್ಟು ಗ್ರೇಡಲ್‌ಗೆ ಹೋದದ್ದು ಬಿಲ್ಡ್ ಸಮಯ ಉಳಿಸಲೆಂದೇ. ಆದರೆ ನಮ್ಮಲ್ಲಿ ಎಷ್ಟು ಪ್ರಾಜೆಕ್ಟುಗಳು ಸ್ಪ್ರಿಂಗ್ ಬೂಟ್‌ನಷ್ಟು ದೊಡ್ಡವು? ಮೇವನ್ ನಿಧಾನ ಎನ್ನುವವರ ಬೆರಳುಗಳನ್ನೂ ಗಮನಿಸಿ. ಒಂದು ಸಾಲು ತಿದ್ದಿದರೂ ‘ಕ್ಲೀನ್ ಇನ್‌ಸ್ಟಾಲ್’ ಎಂದೇ ಹೊಡೆಯುತ್ತವೆ. ಕ್ಲೀನ್ ಎಂದರೆ ಹಿಂದೆ ಕಂಪೈಲ್ ಆದದ್ದನ್ನೆಲ್ಲ ಅಳಿಸು ಎಂದು. ಮಾಡಿಟ್ಟ ಅಡುಗೆ ಚೆಲ್ಲಿ, ಊಟ ತಡವಾಯಿತೆಂದು ಗೊಣಗಿದ ಹಾಗಾಯಿತು ಇದು. (ಬದಲಾವಣೆ ಗುರುತಿಸುವುದರಲ್ಲಿ ಮೇವನ್ ಎಡವಿದ್ದುಂಟು, ಈ ಚಟ ಆ ಅಪನಂಬಿಕೆಯಿಂದ ಬಂದದ್ದು. ಹಾಗೆಂದು ದಿನಕ್ಕೆ ಇಪ್ಪತ್ತು ಸಲವೇ?)

ಇನ್ನು ಎಕ್ಸ್‌ಎಂಎಲ್. ಈ ಬೈಗುಳ ಮೇವನ್‌ಗಿಂತ ಹಳೆಯದು, ಆಂಟ್ ಕಾಲದ್ದು. ಟಾಮ್‌ಕ್ಯಾಟ್ ಕಟ್ಟಲು ಜೇಮ್ಸ್ ಡಂಕನ್ ಡೇವಿಡ್‌ಸನ್ ಬರೆದುಕೊಂಡ ಆಂಟ್ 2000ದಲ್ಲಿ ಹೊರಬಂತು. ಈ ಫೋಲ್ಡರ್ ಮಾಡು, ಇದನ್ನು ಕಂಪೈಲ್ ಮಾಡು, ಅದನ್ನು ಅಲ್ಲಿಗೆ ನಕಲಿಸು ಎಂದು ಒಂದೊಂದು ಹೆಜ್ಜೆಯನ್ನೂ ಎಕ್ಸ್‌ಎಂಎಲ್‌ನಲ್ಲಿ ಬರೆಯಬೇಕಿತ್ತು. ಇದಕ್ಕೆ ನಿಜವಾದ ಸ್ಕ್ರಿಪ್ಟ್ ಭಾಷೆಯೇ ಬೇಕಿತ್ತೆಂದು ಡೇವಿಡ್‌ಸನ್ ಅವರೇ ಮುಂದೆ ಒಪ್ಪಿಕೊಂಡರು. ಹೆಜ್ಜೆ ಬರೆಯಲು ಎಕ್ಸ್‌ಎಂಎಲ್ ಖಂಡಿತ ದರಿದ್ರ ಭಾಷೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು: ಪ್ರತಿ ಪ್ರಾಜೆಕ್ಟಿಗೂ ಅದರದೇ ಬಿಲ್ಡ್. ಒಂದರಲ್ಲಿ ‘ಡಿಸ್ಟ್’ ಎಂದರೆ ಜಾರ್ ಬರುತ್ತದೆ, ಇನ್ನೊಂದರಲ್ಲಿ ‘ಪ್ಯಾಕೇಜ್’ ಎನ್ನಬೇಕು, ಮೂರನೆಯದರಲ್ಲಿ ಬರೆದವನನ್ನೇ ಕೇಳಬೇಕು.

ಈ ಗೊಂದಲಕ್ಕೆ ಉತ್ತರವಾಗಿ ಹುಟ್ಟಿದ್ದು ಮೇವನ್, 1.0 ಬಂದದ್ದು 2004ರಲ್ಲಿ. ಹೇಗೆ ಕಟ್ಟಬೇಕೆಂದು ನನಗೆ ಹೇಳಬೇಡ, ನಿನ್ನ ಹೆಸರೇನು, ನಿನಗೆ ಯಾವ ಲೈಬ್ರರಿ ಬೇಕು ಅಷ್ಟು ಹೇಳು ಎಂದಿತು ಅದು. ಸೋರ್ಸ್ ಎಲ್ಲಿರಬೇಕು, ಟೆಸ್ಟ್ ಎಲ್ಲಿರಬೇಕು ಎಂಬುದನ್ನೂ ತಾನೇ ಗೊತ್ತುಮಾಡಿತು. ಅದರ ಪಾಮ್ ಫೈಲೂ ಎಕ್ಸ್‌ಎಂಎಲ್ಲೇ, ಆದರೆ ಅದರಲ್ಲಿ ಇರುವುದು ಹೆಜ್ಜೆಗಳಲ್ಲ, ವಿವರಗಳು. ಆಂಟ್‌ಗೆ ಸಲ್ಲಬೇಕಾದ ಬೈಗುಳವನ್ನು ಮೇವನ್‌ಗೆ ಅಂಟಿಸುವವರು ಈ ವ್ಯತ್ಯಾಸ ನೋಡುವುದೇ ಇಲ್ಲ. ಎಂದೂ ಕಾಣದ ಪ್ರಾಜೆಕ್ಟನ್ನು ಇಳಿಸಿಕೊಂಡು ಹತ್ತು ನಿಮಿಷದಲ್ಲಿ ಅದರ ಒಳಹೊರಗು ತಿಳಿಯಬಹುದಾದರೆ ಅದು ಈ ಬಿಗಿತದಿಂದ.

ಗ್ರೇಡಲ್‌ನಲ್ಲಿ ಬಿಲ್ಡ್ ಫೈಲೇ ಒಂದು ಪ್ರೋಗ್ರಾಂ, ಗ್ರೂವಿಯಲ್ಲೋ ಕಾಟ್ಲಿನ್‌ನಲ್ಲೋ. ಏನು ಬೇಕಾದರೂ ಬರೆಯಬಹುದು, ಆದ್ದರಿಂದ ಬರೆಯುತ್ತಾರೆ. ಹಿಂದೆ ನಾನಿದ್ದ ಒಂದು ಕಡೆ ಜಾಣ ಹುಡುಗನೊಬ್ಬ ಆವೃತ್ತಿ ಸಂಖ್ಯೆಯನ್ನು ಗಿಟ್ ಬ್ರ್ಯಾಂಚಿನ ಹೆಸರಿನಿಂದ ಹೆಕ್ಕುವ ಕೋಡನ್ನು ಬಿಲ್ಡ್ ಒಳಗೇ ಬರೆದಿದ್ದ. ಅವನು ಬೇರೆ ಕೆಲಸಕ್ಕೆ ಹೋದ. ಬ್ರ್ಯಾಂಚಿಗೆ ಹೆಸರಿಡುವ ಪದ್ಧತಿ ಬದಲಾದ ದಿನ ಬಿಲ್ಡ್ ಮುರಿಯಿತು. ಆ ಕೋಡಿಗೆ ಒಂದು ಟೆಸ್ಟೂ ಇರಲಿಲ್ಲ. ಬಿಲ್ಡ್ ಕೋಡಿಗೆ ಟೆಸ್ಟ್ ಬರೆಯುವ ಪುಣ್ಯವಂತರು ಎಲ್ಲಾದರೂ ಇದ್ದರೆ ಅವರಿಗೆ ಗ್ರೇಡಲ್ ಶೋಭಿಸುತ್ತದೆ. ಉಳಿದವರಿಗೆ ಅದು ಆಂಟ್ ಕಾಲದ ಸ್ವಾತಂತ್ರ್ಯವನ್ನೇ ಚಂದದ ಭಾಷೆಯಲ್ಲಿ ಮರಳಿ ಕೊಟ್ಟಿದೆ.

ಒಂದು ಸೋಲು ಒಪ್ಪಬೇಕು. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಎದುರಾದರೆ ಗ್ರೇಡಲ್ ಹೊಸದನ್ನು ಆರಿಸುತ್ತದೆ. ಮೇವನ್ ಅವಲಂಬನೆಯ ಮರದಲ್ಲಿ ಬೇರಿಗೆ ಹತ್ತಿರವಿರುವುದನ್ನು ಆರಿಸುತ್ತದೆ, ಅದು ಹಳೆಯದಾದರೂ ಸರಿಯೇ. ಈ ನಿಯಮವನ್ನು ಸಮರ್ಥಿಸಲು ನನ್ನಿಂದಾಗದು. ಆಂಡ್ರಾಯ್ಡ್ ಮಂದಿಗಂತೂ ಈ ಚರ್ಚೆಯೇ ಇಲ್ಲ. ಅವರ ಪಾಲಿಗೆ ಗೂಗಲ್ ಗ್ರೇಡಲ್ ಅನ್ನೇ ಗೊತ್ತುಮಾಡಿದೆ.

ಹೊಸತೇ ಮೇಲೆಂಬ ನಂಬಿಕೆ ಬೇರೆಡೆಯೂ ನಿಲ್ಲುವುದಿಲ್ಲ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಹುಟ್ಟುಹಾಕಿದ ಮೇಕ್‌ನಿಂದ ಲಿನಕ್ಸ್ ಕರ್ನಲ್ ಇಂದಿಗೂ ಬಿಲ್ಡ್ ಆಗುತ್ತದೆ. ಗೂಗಲ್ 2015ರಲ್ಲಿ ಹೊರಬಿಟ್ಟ ಬೇಝಲ್ ಎಂಬ ಬಿಲ್ಡ್ ಸಾಧನವನ್ನು ಕುಬರ್ನೆಟೀಸ್ ಕೆಲವು ವರ್ಷ ಬಳಸಿ 2021ರಲ್ಲಿ ತೆಗೆದುಹಾಕಿತು, ಮೇಕ್ ಉಳಿಯಿತು.

ಗ್ರೇಡಲ್‌ನವರೂ 2023ರ ನವೆಂಬರ್‌ನಲ್ಲಿ ‘ಡಿಕ್ಲರೇಟಿವ್ ಗ್ರೇಡಲ್’ ಎಂಬ ಯೋಜನೆ ಪ್ರಕಟಿಸಿದರು. ಬಿಲ್ಡ್ ಫೈಲಿನಲ್ಲಿ ಏನು ಬೇಕೆಂಬುದು ಮಾತ್ರ ಇರಲಿ, ಹೇಗೆಂಬ ಕೋಡು ಬೇರೆಡೆ ಇರಲಿ ಎಂಬುದು ಅದರ ತಿರುಳು. ಮೇವನ್‌ನವರು ಇದನ್ನು ಓದಿ ನಕ್ಕಿರಬೇಕು.

ನಿಮ್ಮ ತಂಡದಲ್ಲಿ ಮೇವನ್ ಬಿಡುವ ಮಾತು ಎದ್ದರೆ ಒಂದು ವಾರ ‘ಕ್ಲೀನ್’ ಹೊಡೆಯದೆ ಬಿಲ್ಡ್ ಮಾಡಿ, ಹಿಡಿದ ಸಮಯವನ್ನು ಬರೆದಿಟ್ಟುಕೊಳ್ಳಿ. ಸಭೆ ಕರೆಯುವುದು ಆಮೇಲಾಗಲಿ.