ಕಾದಂಬರಿಯಲ್ಲಿ ಮನುಷ್ಯನ ಬೆಳವಣಿಗೆ

‘ವ್ಯಕ್ತಿತ್ವ ವಿಕಸನ’ ಎಂಬ ಮಾತು ಇಂದು ಬಹಳ ಚಲಾವಣೆಯಲ್ಲಿದೆ. ಪುಸ್ತಕದ ಅಂಗಡಿಗೆ ಹೋದರೆ ಕಥೆ ಕಾದಂಬರಿಗಳಿಗಿಂತ ಮುಂದಿನ ಸಾಲಿನಲ್ಲಿ ಈ ಬಗೆಯ ಹೊತ್ತಗೆಗಳೇ ಕಾಣುತ್ತವೆ. ಬೆಳಗ್ಗೆ ಬೇಗ ಏಳುವುದು ಹೇಗೆ, ನಾಲ್ವರ ಮುಂದೆ ಅಂಜದೆ ಮಾತಾಡುವುದು ಹೇಗೆ, ಸಿಟ್ಟನ್ನು ಹಿಡಿತದಲ್ಲಿಡುವುದು ಹೇಗೆ ಎಂದು ಅವು ಹೇಳಿಕೊಡುತ್ತವೆ. ಇದರಲ್ಲಿ ಕೆಡುಕೇನೂ ಇಲ್ಲ. ಆದರೆ ಅವುಗಳಲ್ಲಿ ಬೆಳೆಯುವ ಮನುಷ್ಯ ಯಾವಾಗಲೂ ಒಬ್ಬಂಟಿ. ಅವನಿಗೆ ಗುರಿಯುಂಟು, ಅಭ್ಯಾಸವುಂಟು, ಗೆಲುವುಂಟು. ಅವನಿಗಾಗಿ ಸವೆದವರು ಯಾರೂ ಇಲ್ಲ. ಕನ್ನಡದಲ್ಲಿ ‘ಬೆಳೆ’ ಎಂಬುದು ಕ್ರಿಯಾಪದವೂ ಹೌದು, ಗದ್ದೆಯ ಪೈರಿನ ಹೆಸರೂ ಹೌದು. ಪೈರು ತಾನಾಗಿ ಬೆಳೆಯಿತೆಂದು ಯಾವ ರೈತನೂ ಹೇಳುವುದಿಲ್ಲ. ಮನುಷ್ಯನ ವಿಷಯದಲ್ಲಿ ಮಾತ್ರ ನಾವು ಹಾಗೆ ಹೇಳುತ್ತೇವೆ.

ಈ ಪ್ರಶ್ನೆಯನ್ನು ನಮ್ಮ ಭಾಷೆಯಲ್ಲಿ ಬಹಳ ಹಿಂದೆಯೇ ವಿಸ್ತಾರವಾಗಿ ವಿಚಾರಿಸಿದ ಗ್ರಂಥವೊಂದಿದೆ. ಅದು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. ಕಡಲಿಗೂ ಹೊಳೆಗೂ ನಡುವಣ ಕೋಡಿಯ ಮಳಲಿನಲ್ಲಿ ಬದುಕಿದ ಒಂದು ಪುರೋಹಿತ ಮನೆತನದ ಮೂರು ತಲೆಮಾರುಗಳ ಕಥೆ. ಮೊದಲನೆಯವನು ರಾಮ ಐತಾಳ, ಎರಡನೆಯವನು ಅವನ ಮಗ ಲಚ್ಚ, ಮೂರನೆಯವನು ಅಜ್ಜನ ಹೆಸರನ್ನೇ ಹೊತ್ತ ಮೊಮ್ಮಗ ರಾಮ. ಸಾಧಾರಣವಾಗಿ ಇದನ್ನು ಹಳ್ಳಿಯ ಬಾಳಿನ ಚಿತ್ರವೆಂದೋ, ಕಾಲ ಬದಲಾದ ಬಗೆಯ ದಾಖಲೆಯೆಂದೋ ಓದುವ ವಾಡಿಕೆ. ನನಗೆ ಅದು ಮುಖ್ಯವಾಗಿ ವಿದ್ಯೆಯ ಮೇಲಿನ ವಿಮರ್ಶೆಯಾಗಿ ತೋರುತ್ತದೆ.

ಲಚ್ಚನನ್ನು ಐತಾಳ ಇಂಗ್ಲಿಷು ಓದಿಸಲು ಹೊರಟಿದ್ದೇಕೆ? ಮಗನಿಗೆ ತಿಳಿವು ಬರಲೆಂದು ಮಾತ್ರವಲ್ಲ. ನೆರೆಯ ಶೀನಮಯ್ಯನ ಮನೆಯ ಏಳಿಗೆಯ ಎದುರಿಗೆ ತನ್ನ ಮನೆ ಸಣ್ಣದಾಗಬಾರದೆಂಬ ಛಲ ಅದರ ಬೇರಿನಲ್ಲಿದೆ. ಛಲಕ್ಕೆ ಹುಟ್ಟಿದ ವಿದ್ಯೆ ಲಚ್ಚನಿಗೆ ಪೇಟೆಯ ರುಚಿಯನ್ನು ಕೊಟ್ಟಿತು, ಮನೆಯವರ ಬಗ್ಗೆ ತಾತ್ಸಾರವನ್ನು ಕೊಟ್ಟಿತು. ತನ್ನ ಓದಿಗೆ ಖರ್ಚಾದ ಹಣ ಯಾರ ಬೆವರು ಎಂದು ಕೇಳುವ ಬುದ್ಧಿಯೊಂದನ್ನು ಮಾತ್ರ ಕೊಡಲಿಲ್ಲ. ಅವನ ದುಶ್ಚಟಗಳು ಈ ಮರೆವಿನ ಫಲಗಳು. ಕಾರಂತರು ಅವನನ್ನು ರಾಕ್ಷಸನನ್ನಾಗಿ ಮಾಡಿಲ್ಲವೆಂಬುದನ್ನು ಗಮನಿಸಬೇಕು. ಲಚ್ಚ ನಮ್ಮ ಪರಿಚಯದ ಮನುಷ್ಯನೇ. ಬೇರೆ ಊರಿನಲ್ಲಿ, ಬೇರೆ ಉಡುಪಿನಲ್ಲಿ ನಾವು ಅವನನ್ನು ಕಂಡಿದ್ದೇವೆ.

ಅದೇ ಮನೆಯಲ್ಲಿ ಅಕ್ಷರದ ಬಲವಿಲ್ಲದ ಸರಸೋತಿಯೊಬ್ಬಳಿದ್ದಾಳೆ. ಐತಾಳನ ವಿಧವೆ ತಂಗಿ. ಅತ್ತಿಗೆ ಪಾರೋತಿಯೊಡನೆ ಗದ್ದೆಯ ಕೆಲಸ ಮಾಡುವುದು, ಮಳೆಗಾಲದಲ್ಲಿ ನೀರಿನಲ್ಲಿ ತೇಲಿಬಂದ ಕಟ್ಟಿಗೆಯನ್ನು ಎಳೆದು ತರುವುದು, ಇದೇ ಅವಳ ಪಾಠಶಾಲೆ. ಮನೆಯ ಯಜಮಾನ ತಪ್ಪಿದಾಗ ತಪ್ಪೆನ್ನುವ ಧೈರ್ಯ, ತನ್ನದಲ್ಲದ ಮಕ್ಕಳನ್ನು ತನ್ನವೆಂದೇ ನೋಡುವ ಹಿರಿತನ ಅವಳಿಗೆ ಎಲ್ಲಿಂದ ಬಂದವು? ಮೈಮುರಿದು ದುಡಿದವರಿಗೆ ಪ್ರತಿಯೊಂದು ಹಿಡಿ ಅಕ್ಕಿಯ ಬೆಲೆಯೂ ಗೊತ್ತಿರುತ್ತದೆ. ಅದು ಗೊತ್ತಿರುವವರಿಗೆ ಇನ್ನೊಬ್ಬರ ದುಡಿಮೆಯನ್ನು ಹಗುರಾಗಿ ಕಾಣಲು ಬರುವುದಿಲ್ಲ. ಅವಳ ನೀತಿ ಉಪದೇಶದಿಂದ ಹುಟ್ಟಿದ್ದಲ್ಲ, ಲೆಕ್ಕದಿಂದ ಹುಟ್ಟಿದ್ದು. ಅದೂ ಪಡೆದುದರ ಲೆಕ್ಕದಿಂದ.

ಇಲ್ಲಿ ವಾಚಕರಿಗೆ ಒಂದು ಶಂಕೆ ಬರಬಹುದು, ಬರಲೇಬೇಕು. ಹೆಂಗಸರು ಕಷ್ಟಪಟ್ಟರು, ಅದರಿಂದ ದೊಡ್ಡವರಾದರು ಎಂದು ಹೊಗಳುವುದು ಗಂಡಸರಿಗೆ ಸುಲಭ. ಲಚ್ಚನ ಹೆಂಡತಿ ನಾಗವೇಣಿಯ ಪಾಡನ್ನು ನೆನೆದಾಗ ಈ ಶಂಕೆ ಇನ್ನಷ್ಟು ಬಲವಾಗುತ್ತದೆ. ಗಂಡನ ದುರ್ನಡತೆಯ ಫಲ ಅವಳ ದೇಹಕ್ಕೆ ತಟ್ಟಿತು. ಮಗನನ್ನು ನಂಬಲಾರದ ಮಾವ ಆಸ್ತಿಯನ್ನು ಅವಳ ಹೆಸರಿಗೆ ಮಾಡಿದರೂ ಅದು ಗಂಡನ ವಂಚನೆಯಿಂದ ಕೈಬಿಟ್ಟಿತು. ಬೇರೆ ದಾರಿಯಿಲ್ಲದವರ ತಾಳ್ಮೆಯನ್ನು ಸದ್ಗುಣವೆನ್ನಬಹುದೆ? ಎನ್ನಬಾರದೆಂದೇ ನನ್ನ ಅಭಿಪ್ರಾಯ. ಅವಳ ಸಂಕಟ ಅವಳನ್ನು ಬೆಳೆಸಲಿಲ್ಲ; ಅದು ಅವಳಿಂದ ಕಸಿದುಕೊಂಡದ್ದೇ ಹೆಚ್ಚು. ಅವಳ ದೊಡ್ಡತನವಿರುವುದು ಬೇರೆಡೆಯಲ್ಲಿ. ತನಗಾದ ಅನ್ಯಾಯವನ್ನು ಮಗನ ತಲೆಗೆ ಸಾಲವಾಗಿ ಹೊರಿಸದೆ, ಆದರೆ ಅವನಿಂದ ಮುಚ್ಚಿಡದೆಯೂ, ಅವನನ್ನು ಓದಿಸಿದಳಲ್ಲ, ಅಲ್ಲಿ. ಅದು ಸಹನೆಯಲ್ಲ, ನಿರ್ಧಾರ. ಕೃತಿಯನ್ನು ಓದುವವರು ಇವೆರಡನ್ನೂ ಬೇರೆಬೇರೆಯಾಗಿ ಕಾಣದಿದ್ದರೆ ಕಾರಂತರಿಗೂ ಅನ್ಯಾಯ, ನಾಗವೇಣಿಗೂ ಅನ್ಯಾಯ.

ಇನ್ನು ಮೊಮ್ಮಗ ರಾಮ. ಅವನೂ ಮದರಾಸಿನಲ್ಲಿ ಓದಿದವನೇ. ಸ್ವಾತಂತ್ರ್ಯದ ಚಳವಳಿಗೆ ಧುಮುಕಿದ, ಸೆರೆಮನೆ ಕಂಡ, ಕೆಲಸಕ್ಕಾಗಿ ಮುಂಬಯಿಯಲ್ಲಿ ಅಲೆದ. ಸಾಮಾನ್ಯ ಕಾದಂಬರಿಕಾರನಾಗಿದ್ದರೆ ಸೆರೆಮನೆಯ ಬಾಗಿಲಲ್ಲೇ ಅವನಿಗೆ ಹಾರ ಹಾಕಿ, ಬೆಳವಣಿಗೆ ಪೂರೈಸಿತೆಂದು ಗ್ರಂಥವನ್ನು ಮುಗಿಸುತ್ತಿದ್ದ. ಕಾರಂತರು ಹಾಗೆ ಮಾಡಲಿಲ್ಲ. ಆದರ್ಶವೂ ಪದವಿಯೂ ಅವನನ್ನು ಅರ್ಧದಾರಿಗೆ ಮಾತ್ರ ಒಯ್ಯುತ್ತವೆ. ದೇಶಕ್ಕಾಗಿ ತ್ಯಾಗ ಮಾಡಿದವನು ತಾಯಿಯ ತ್ಯಾಗದ ಮೇಲೆ ನಿಂತೇ ಅದನ್ನು ಮಾಡಿದ್ದನೆಂಬ ಅರಿವು ಉಳಿದರ್ಧ ದಾರಿ. ಅವನು ಮಣ್ಣಿಗೆ ಮರಳುವುದನ್ನು ಹಳ್ಳಿಯ ಮೇಲಿನ ಮೋಹವೆಂದು ತಿಳಿಯಬೇಕಾಗಿಲ್ಲ. ಅಪ್ಪ ಯಾವುದನ್ನು ಮಾರಿ ತಿಂದನೋ, ಅಜ್ಜಿಯರು ಯಾವುದರಲ್ಲಿ ಸವೆದರೋ, ಅದರ ಋಣವನ್ನು ಒಪ್ಪಿಕೊಳ್ಳುವುದು ಅದರ ಅರ್ಥ. ಲಚ್ಚನಿಗೂ ರಾಮನಿಗೂ ಇರುವ ಅಂತರ ಓದಿನದಲ್ಲ, ಬುದ್ಧಿಯದೂ ಅಲ್ಲ. ಒಬ್ಬ ತನಗೆ ಬಂದದ್ದನ್ನೆಲ್ಲ ಹಕ್ಕೆಂದು ಎಣಿಸಿದ, ಇನ್ನೊಬ್ಬ ಋಣವೆಂದು ಎಣಿಸಿದ.

ಋಣವನ್ನು ಅರಿತರೆ ಸಾಕೆ? ಸಾಲದೆಂಬುದಕ್ಕೆ ಕಾರಂತರ 1933ರ ‘ಚೋಮನ ದುಡಿ’ಯೇ ಸಾಕ್ಷಿ. ಚೋಮನಿಗೆ ಒಂದು ತುಂಡು ಭೂಮಿಯನ್ನು ಸಾಗುವಳಿಗೆ ಕೊಡಲು ಒಡೆಯ ಸಂಕಪ್ಪಯ್ಯನ ಮನಸ್ಸು ಒಲಿಯುತ್ತದೆ. ಆ ಜೀವದ ದುಡಿಮೆಯನ್ನು ಅವನು ಬಲ್ಲ. ಆದರೆ ಹೊಲೆಯನಿಗೆ ಬೇಸಾಯವೆ ಎಂದು ತಾಯಿ ತಡೆದಾಗ ಅವನು ಹಿಂಜರಿದುಬಿಡುತ್ತಾನೆ. ಕಾದಂಬರಿಯ ದುರಂತವನ್ನೆಲ್ಲ ಚೋಮನ ಮನೆಯಲ್ಲಿ ಸಾಲುಸಾಲಾಗಿ ಬಂದ ಸಾವುಗಳಲ್ಲಿ ನಾವು ಕಾಣುತ್ತೇವೆ. ಸಂಕಪ್ಪಯ್ಯನ ಆ ಒಂದು ಹಿಂಜರಿತವೂ ದುರಂತವೇ. ಒಬ್ಬ ಒಳ್ಳೆಯ ಮನುಷ್ಯ ಇನ್ನೊಂದು ಹೆಜ್ಜೆ ಬೆಳೆಯಬಹುದಾಗಿತ್ತು, ಬೆಳೆಯಲಿಲ್ಲ. ಅದರ ಬೆಲೆಯನ್ನು ಅವನು ತೆರಲಿಲ್ಲ, ಚೋಮ ತೆತ್ತ. ನಮ್ಮ ಮಧ್ಯಮವರ್ಗದ ಸಜ್ಜನಿಕೆ ಬಹುಮಟ್ಟಿಗೆ ಸಂಕಪ್ಪಯ್ಯನ ಸಜ್ಜನಿಕೆಯೇ. ಮನಸ್ಸು ಒಪ್ಪುತ್ತದೆ, ಮನೆಯವರು ಒಪ್ಪುವುದಿಲ್ಲ. ಅಲ್ಲಿಗೆ ಮಾತು ಮುಗಿಯಿತು.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಇದೇ ವಿಚಾರವನ್ನು ಬೇರೊಂದು ದಾರಿಯಲ್ಲಿ ಹಿಡಿಯುತ್ತದೆ. ನಾರಣಪ್ಪನ ಹೆಣದ ಸಂಸ್ಕಾರಕ್ಕೆ ಗ್ರಂಥಗಳಲ್ಲಿ ಉತ್ತರ ಹುಡುಕುವ ಪ್ರಾಣೇಶಾಚಾರ್ಯರಿಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಅವರು ಅಗ್ರಹಾರ ಬಿಟ್ಟು ನಡೆಯುತ್ತಾರೆ, ಕೊನೆಗೆ ಹಿಂದಿರುಗುವ ದಾರಿಯಲ್ಲಿ ಆತಂಕದಿಂದ ಕಾದಿರುವಾಗಲೇ ಕಥೆ ನಿಲ್ಲುತ್ತದೆ. ಅವರು ಬೆಳೆದರೆ, ಕೆಟ್ಟರೆ ಎಂದು ಲೇಖಕರು ತೀರ್ಪು ಕೊಡುವುದಿಲ್ಲ. ಎಷ್ಟೋ ಓದುಗರಿಗೆ ಇದರಿಂದ ನಿರಾಶೆಯಾಗುವುದುಂಟು. ಆದರೆ ಬಾಳಿನಲ್ಲಿ ಯಾರ ಬೆಳವಣಿಗೆಗೆ ತಾನೆ ಕೊನೆಯ ಪುಟವಿದೆ?

ತರಗತಿಯಲ್ಲಿ ಈ ಕೃತಿಗಳನ್ನು ಪಾಠ ಹೇಳುವಾಗ ನನಗೊಂದು ಕಸಿವಿಸಿ ತಪ್ಪಿದ್ದಲ್ಲ. ‘ನಾಗವೇಣಿಯ ಪಾತ್ರವನ್ನು ಚಿತ್ರಿಸಿರಿ’ ಎಂಬುದು ಪ್ರಶ್ನೆಪತ್ರಿಕೆಯ ಭಾಷೆ. ಉತ್ತರದಲ್ಲಿ ‘ಆಕೆ ತ್ಯಾಗಮಯಿ, ಸಹನಾಶೀಲೆ’ ಎಂದು ಬರೆದವನಿಗೆ ಅಂಕ ದೊರೆಯುತ್ತದೆ. ಹೀಗೆ ಗುಣಗಳು ಚೀಟಿಗಳಾಗುತ್ತವೆ, ಚೀಟಿ ಅಂಟಿಸಿದ ಮೇಲೆ ಮನುಷ್ಯರು ಕಾಣದಾಗುತ್ತಾರೆ. ಓದಿನಿಂದಲೇ ಒಳ್ಳೆಯತನ ಬರುತ್ತದೆಂದು ನಾನು ಹೇಳುವುದಿಲ್ಲ, ಲಚ್ಚನೂ ಓದಿದವನೇ. ಆದರೆ ಒಂದು ಒಳ್ಳೆಯ ಕಾದಂಬರಿ ಓದುಗನಿಂದ ಅಪರೂಪದ ಒಂದು ಕೆಲಸ ಮಾಡಿಸುತ್ತದೆ. ತಾನು ಉಂಡ ಅನ್ನದ ಹಿಂದಿನ ಕೈಗಳನ್ನು ನೋಡುವಂತೆ, ನೋಡಿದ ಮೇಲೆ ಸಂಕಪ್ಪಯ್ಯನಂತೆ ಹಿಂಜರಿಯುವೆನೋ ಎಂದು ತನ್ನನ್ನೇ ಕೇಳಿಕೊಳ್ಳುವಂತೆ ಮಾಡುತ್ತದೆ. ಆ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿರುವುದಿಲ್ಲ. ಅದನ್ನು ಮನೆಯಲ್ಲಿ, ಮನೆಗೆಲಸಕ್ಕೆ ಬರುವವಳ ಮುಂದೆ, ಮುಪ್ಪಾದ ತಾಯಿಯ ಮುಂದೆ, ನೆರೆಯವನ ಮುಂದೆ ನಾವೇ ಕೊಡಬೇಕು.