ಬೆನ್ನು ತೋರಿಸುವ ಗ್ರೀನ್

ಆಟಗಾರನಿಗೆ ಬೆನ್ನು ಹಾಕಿ ಹಿಂದಕ್ಕೆ ಇಳಿಯುವ ಗ್ರೀನ್ (ಗುಳಿ ಇರುವ ನುಣುಪು ಹುಲ್ಲುಹಾಸು) ವಿನ್ಯಾಸದ ದೋಷ ಎಂಬ ತೀರ್ಪನ್ನು ಬೆಂಗಳೂರಿನ ಗಾಲ್ಫ್ ಬಳಗ ಎಂದೋ ಒಪ್ಪಿಕೊಂಡುಬಿಟ್ಟಿದೆ. ಹೊಡೆತ ನೆಟ್ಟಗಿತ್ತು, ಚೆಂಡು ಗ್ರೀನ್ ಮೇಲೆಯೇ ಬಿತ್ತು, ಆದರೂ ಹಿಂದಕ್ಕೆ ಉರುಳಿಹೋಯಿತು. ಇದ್ಯಾವ ನ್ಯಾಯ ಎಂದು ಕೇಳುತ್ತಾರೆ. ಹಾಗಾದರೆ ಚೆಂಡು ಎಲ್ಲಿ ಬೀಳಬೇಕಿತ್ತು ಎಂದು ಯಾರೂ ಕೇಳುವುದಿಲ್ಲ.

ಗ್ರೀನ್ ಚೆಂಡನ್ನು ಹಿಡಿದು ನಿಲ್ಲಿಸಲೇಬೇಕೆಂಬ ಹಟ ಗಾಲ್ಫಿನಷ್ಟು ಹಳೆಯದಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ರಾಬರ್ಟ್ ಟ್ರೆಂಟ್ ಜೋನ್ಸ್ ಪಂಥ ಅದನ್ನು ಬೆಳೆಸಿತು: ಮುಂದೆ ನೀರು ಇಲ್ಲವೇ ಮರಳಿನ ಬಂಕರ್, ಅದರಾಚೆ ನೀರುಂಡು ಮೆತ್ತಗಾದ ಗ್ರೀನ್. ಚೆಂಡು ಆಕಾಶದಿಂದಲೇ ಬರಬೇಕು. ಅದಕ್ಕೂ ಮುಂಚೆ, 1903ರಲ್ಲಿ ಹೆನ್ರಿ ಫೌನ್ಸ್ ಕಟ್ಟಿದ ಓಕ್‌ಮಾಂಟ್ ಕೋರ್ಸಿನಲ್ಲಿ 1 ಮತ್ತು 10ನೇ ಗ್ರೀನ್‌ಗಳು ಇಂದಿಗೂ ಹಿಂದಕ್ಕೇ ಇಳಿಯುತ್ತವೆ. 2025ರ ಯು.ಎಸ್. ಓಪನ್ ನಡೆದದ್ದೂ ಅಲ್ಲೇ. ಅಂಥ ಕಡೆ ಬಲ್ಲವರು ಚೆಂಡನ್ನು ಗ್ರೀನ್‌ಗೆ ಮುಂಚೆಯೇ ನೆಲಕ್ಕಿಳಿಸಿ, ಮಿಕ್ಕ ದಾರಿಯನ್ನು ನೆಲಕ್ಕೇ ಬಿಡುತ್ತಾರೆ.

ಈ ನೆಲದ ಆಟವನ್ನು ಪೀಟರ್ ಥಾಮ್ಸನ್‌ನಷ್ಟು ಬಲ್ಲವರು ಕಡಿಮೆ. 1954, 55, 56, 58 ಮತ್ತು 65ರಲ್ಲಿ ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯನ್ ಅವರು. ಐದೂ ಗೆಲುವು ಗಾಳಿ ಬೀಸುವ, ಗಟ್ಟಿ ನೆಲದ ಕಡಲತೀರದ ಮೈದಾನಗಳಲ್ಲಿ. ಇಂಡಿಯನ್ ಓಪನ್ನನ್ನೂ 1964, 66, 76ರಲ್ಲಿ ಗೆದ್ದರು. ದೊಮ್ಮಲೂರು ಪಕ್ಕದ ಚಲ್ಲಘಟ್ಟದಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸ್ ಅವರದೇ ವಿನ್ಯಾಸ. ಅದರಲ್ಲಿ 'ಡ್ರಾಮಾ' ಸಾಲದು ಎನ್ನುವವರಿದ್ದಾರೆ. ಕಾರಂಜಿ, ಜಲಪಾತ, ದ್ವೀಪದಂಥ ಗ್ರೀನ್ ಇವಿಷ್ಟೇ ನಾಟಕವೆಂದರೆ ಥಾಮ್ಸನ್ ಖಂಡಿತ ಸೋತರು. ಬೇಸಿಗೆಯ ಒಣ ನೆಲದಲ್ಲಿ ಚೆಂಡು ಎಷ್ಟು ಪುಟಿದೀತು, ಯಾವ ಕಡೆ ಜಾರೀತು ಎಂದು ನಿಂತು ಯೋಚಿಸುವ ಆಟಗಾರನ ಎದೆಬಡಿತವೂ ನಾಟಕವೆಂದು ಒಪ್ಪಿದರೆ, ಅವರಿಗೆ ಸರಿಸಾಟಿಯಾದ ವಿನ್ಯಾಸಕಾರ ನಂದಿಬೆಟ್ಟದ ಬುಡದಿಂದ ಬಿಡದಿಯವರೆಗೆ ಸಿಗುವುದಿಲ್ಲ.

ಆ ಕೋರ್ಸ್ ಕೆರೆಯಂಗಳದ ಮೇಲಿದೆಯಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಕೆರೆಯನ್ನು ಕೈಬಿಟ್ಟದ್ದು ಊರು. ಆ ಹೊಣೆಯನ್ನು ಥಾಮ್ಸನ್ ತಲೆಗೆ ಕಟ್ಟುವುದು ಸಲ್ಲದು.

ನೆಲದ ಇಳಿಜಾರನ್ನೇ ಸಹಿಸದ ಈ ಅಭಿರುಚಿ ಗಾಲ್ಫ್ ಬೇಲಿಯೊಳಗೆ ನಿಂತಿಲ್ಲ. ಕೋರ್ಸಿನ ಮಗ್ಗುಲಲ್ಲೇ ಗಾಲ್ಫ್‌ಲಿಂಕ್ಸ್ ಹೆಸರಿನ ಐಟಿ ಪಾರ್ಕ್ ಇದೆ. ಅಲ್ಲಿಂದ ಪೂರ್ವಕ್ಕೆ ವೈಟ್‌ಫೀಲ್ಡ್‌ವರೆಗೂ ಬಡಾವಣೆಗಳು ದಿಣ್ಣೆ ಕಡಿದು, ತಗ್ಗು ತುಂಬಿ, ರಾಜಕಾಲುವೆಯನ್ನು ಕಿರಿದು ಮಾಡಿ ಎದ್ದಿವೆ. ಬೆಂಗಳೂರು ದಿಣ್ಣೆ-ಕಣಿವೆಗಳ ಊರು. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹರಿಯುವುದು ಇಲ್ಲಿನ ವ್ಯವಸ್ಥೆ. ಅದನ್ನು ಲೆಕ್ಕಿಸದವರ ವಿಲ್ಲಾಗಳಿಂದ 2022ರ ಸೆಪ್ಟೆಂಬರಿನ ನೆರೆಯಲ್ಲಿ ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಮಳೆಗಾಲದ ಊರಿನಲ್ಲಿ ಹಿಂದಕ್ಕೆ ಇಳಿಯುವ ಗ್ರೀನ್ ತನ್ನ ನೀರನ್ನು ತಾನೇ ಹೊರಹಾಕುತ್ತದೆ. ಅಂಥ ಇಳಿಜಾರು ಮೊದಲೇ ಇರುವಲ್ಲಿ ಯಂತ್ರ ತಂದು ಮಣ್ಣು ಪೇರಿಸಿ ಆಟಗಾರನತ್ತ ವಾಲಿಸುವುದು ದುಡ್ಡಿನ ದರ್ಪ.

ಮತ್ತೆ ಆಟಕ್ಕೆ ಬಂದರೆ, ಚಲ್ಲಘಟ್ಟದಲ್ಲಿ ಗಾಲ್ಫ್ ಕಲಿತ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಎದುರಾಳಿಗಳಲ್ಲಿ ಬಹುತೇಕರು ಅವರಿಗಿಂತ ದೂರ ಹೊಡೆಯುವವರು. ಪದಕದ ಅಂಚಿನವರೆಗೆ ಅವರನ್ನು ಒಯ್ದದ್ದು ಗ್ರೀನ್ ಸುತ್ತಲಿನ ಲೆಕ್ಕಾಚಾರ ಮತ್ತು ಪಟ್ಟಿಂಗ್. ಬೆನ್ನು ತೋರಿಸುವ ಗ್ರೀನ್ ಕೇಳುವುದೂ ಅದನ್ನೇ. ಮುಂದಿನ ಕೋರ್ಸ್ ಕಟ್ಟುವವರು ಹದಿನೆಂಟು ಗ್ರೀನ್‌ಗಳಲ್ಲಿ ಕನಿಷ್ಠ ಮೂರನ್ನಾದರೂ ಹಾಗೆ ಬಿಡಲಿ.