ಒಂದೂವರೆ ಇಂಚಿನ ಬಾಗಿಲು

ನಾವಿಲ್ಲಿ ಗುಬ್ಬಚ್ಚಿ ಬರಲಿ ಎಂದು ರಟ್ಟಿನ ಡಬ್ಬ ತೂಗುಹಾಕಿ ಕಾಯುತ್ತೇವೆ. ಅಮೆರಿಕದ ಬ್ಲೂಬರ್ಡ್ ಹಕ್ಕಿಯ ಪ್ರಿಯರಿಗೆ ಅದೇ ಗುಬ್ಬಚ್ಚಿ ಖಳನಾಯಕ! ಬ್ಲೂಬರ್ಡ್‌ಗೆ ಮರ ಕೊರೆಯುವ ಕೊಕ್ಕಿಲ್ಲ. ಗೂಡಿಗೆ ಮರಕುಟಿಗ ಬಿಟ್ಟುಹೋದಂಥ ಪೊಟರೆಯೇ ಗತಿ. ಯುರೋಪಿನಿಂದ ತಂದು ಬಿಟ್ಟ ಗುಬ್ಬಿ, ಸ್ಟಾರ್ಲಿಂಗ್‌ಗಳು ಅದನ್ನೂ ಕಸಿದುಕೊಂಡವು.

ಅದಕ್ಕೆ ಉತ್ತರವೇ ಬ್ಲೂಬರ್ಡ್ ಗೂಡು ಕಟ್ಟಲೆಂದು ಇಡುವ ಮರದ ಪೆಟ್ಟಿಗೆ. ಬಾಗಿಲು ಒಂದೂವರೆ ಇಂಚಿನ ದುಂಡು ತೂತು, ಸ್ಟಾರ್ಲಿಂಗ್ ತೂರದಷ್ಟು. ಎಂಥ ಜಾಣ ಅಳತೆ! ಲಾರೆನ್ಸ್ ಜೆಲೆನಿ 1978ರಲ್ಲಿ ಉತ್ತರ ಅಮೆರಿಕದ ಬ್ಲೂಬರ್ಡ್ ಸಂಘ ಕಟ್ಟಿದ ಮೇಲೆ ಇಂಥ ಪೆಟ್ಟಿಗೆಗಳ ಸಾಲುಗಳು ಊರೂರಿಗೆ ಹಬ್ಬಿದವು.

ನನಗೆ ಪೆಟ್ಟಿಗೆಗಿಂತ ಅದನ್ನು ಕಾಯುವವರ ಮೇಲೆ ಹೆಚ್ಚು ಪ್ರೀತಿ. ಸಂಬಳವಿಲ್ಲದ ಕೆಲಸ. ಕೈಯಲ್ಲೊಂದು ಪುಟ್ಟ ಕನ್ನಡಿ, ನೋಟ್‌ಬುಕ್. ಮೊದಲು ಮೆಲ್ಲಗೆ ಬಡಿದು ತಾಯಿಹಕ್ಕಿಗೆ ಸುಳಿವು ಕೊಡುತ್ತಾರೆ. ಆಮೇಲೆ ಪಕ್ಕದ ಹಲಗೆ ಸರಿಸುತ್ತಾರೆ. ಒಣಹುಲ್ಲಿನ ಬಟ್ಟಲಲ್ಲಿ ತಿಳಿನೀಲಿಯ ನಾಲ್ಕೈದು ಮೊಟ್ಟೆ. ಎಣಿಸಿ, ಬರೆದು, ಮುಚ್ಚುತ್ತಾರೆ. ಮರಿಗಳಿಗೆ ಹನ್ನೆರಡು, ಹದಿಮೂರು ದಿನವಾದರೆ ಮುಗಿಯಿತು, ಮತ್ತೆ ತೆರೆಯುವಂತಿಲ್ಲ. ತೆರೆದರೆ ಮರಿಗಳು ಬೆದರಿ, ರೆಕ್ಕೆ ಬಲಿಯುವ ಮೊದಲೇ ಹಾರಿಬಿಡುತ್ತವೆ.

ಹೀಗೆ ವಾರವಾರವೂ ಯಾಕೆ ಹೋಗಬೇಕು ಅಂತೀರಾ? ಸ್ಟಾರ್ಲಿಂಗ್ ತೂರದ ಆ ತೂತಿನಲ್ಲಿ ಗುಬ್ಬಿ ಸಲೀಸಾಗಿ ತೂರುತ್ತದೆ.